ನಾಲ್ಕೂ ಒಟ್ಟಿಗೆ

ಸೋಮವಾರ, ೩ ಜೂನ್
ಮನೆ ಸಿಕ್ಕಿತು!!! ಇವರು ಕೆಲಸದ ಊರಿನಿಂದ ಈಗಷ್ಟೇ ಫೋನ್ ಮಾಡಿದ್ದರು — ಎರಡು ಕೋಣೆ, ಒಂದು ಬಾಲ್ಕನಿ, ನಾವಿಬ್ಬರೇ! ಮದುವೆಯಾಗಿ ಎರಡು ತಿಂಗಳು, ಒಟ್ಟಿಗಿದ್ದದ್ದು ಹನ್ನೊಂದೇ ದಿನ. ಭಾನುವಾರ ಹೊರಡುತ್ತೇನೆ. ಅದಕ್ಕೆ ಮೊದಲು ಈ ದರಿದ್ರ ಬುದ್ಧಿಹಲ್ಲು ಕೀಳಿಸಬೇಕು. ಎಕ್ಸ್-ರೇಯಲ್ಲಿ ನೋಡಿದೆ, ಪಕ್ಕದ ಹಲ್ಲಿಗೆ ಒರಗಿ ಮಲಗಿದೆ, ಸೋಮಾರಿ. ಡೆಂಟಿಸ್ಟ್ ನಾಲ್ಕು ಆಂಟಿಬಯಾಟಿಕ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಕೀಳುವ ಒಂದು ಗಂಟೆ ಮೊದಲು ನಾಲ್ಕೂ ಒಟ್ಟಿಗೆ ನುಂಗಬೇಕಂತೆ, ಸೋಂಕು ತಗುಲದಿರಲಿ ಎಂದು.

ಮಂಗಳವಾರ, ೪ ಜೂನ್. ಬೆಳಿಗ್ಗೆ ೯
ಅತ್ತೆ ಹೌಹಾರಿದರು. "ನಾಲ್ಕೂ ಒಂದೇ ಸಲನಾ? ಹೊಟ್ಟೆ ಸುಟ್ಟುಹೋಗುತ್ತಮ್ಮ! ಡಾಕ್ಟ್ರು ಬಾಯ್ತಪ್ಪಿ ಅಂದಿರ್ತಾರೆ. ದಿನಕ್ಕೊಂದು ತಗೋ."
ಈ ಮನೆಯ ಮಾತ್ರೆ ಇಲಾಖೆ ಅತ್ತೆಯದೇ. ಮಾವನ ಬಿಪಿ ಮಾತ್ರೆಯನ್ನೂ ಬ್ಲೇಡಿನಲ್ಲಿ ಅರ್ಧ ಮಾಡಿಯೇ ಕೊಡುವುದು. ನಾನು ಹೊಸ ಸೊಸೆ. "ಸರಿ ಅತ್ತೆ" ಎಂದೆ. ಒಂದೇ ನುಂಗಿದೆ.

ಸಂಜೆ
ಹಲ್ಲು ಬಂತು — ಮೂರು ತುಂಡಾಗಿ. ಯಕ್! ಶುರುಮಾಡುವ ಮುಂಚೆ ಡೆಂಟಿಸ್ಟ್ ಕೇಳಿದರು: "ನಾಲ್ಕೂ ತಗೊಂಡ್ರಾ?" ಪಕ್ಕದಲ್ಲೇ ಅತ್ತೆ. ಹೂಂ ಎಂದು ತಲೆಯಾಡಿಸಿದೆ. ಈಗ ಬಾಯಿ ತುಂಬ ರಕ್ತದ ರುಚಿ, ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ.

ಶನಿವಾರ, ೮ ಜೂನ್
ಛೀ. ಛೀ. ಛೀ. ಕೆನ್ನೆ ಊದಿ ಒಂದು ಕಣ್ಣೇ ಚಿಕ್ಕದಾಗಿದೆ. ಉಪ್ಪುನೀರು ಮುಕ್ಕಳಿಸಿದರೆ ಹಳದಿ ಎಳೆ ಎಳೆಯಾಗಿ ಏನೋ ಸಿಂಕಿಗೆ ಇಳಿಯುತ್ತದೆ. ಹೂದಾನಿಯಲ್ಲಿ ವಾರಗಟ್ಟಲೆ ನಿಂತ ನೀರಿನ ನಾತ... ಅದು ನನ್ನ ಉಸಿರು! ಮಾವ, ಪಾಪ, ಪೇಪರ್ ಎತ್ತಿಕೊಂಡು ಹೊರಗೆ ಹೋದರು. ಇವರ ವಿಡಿಯೋ ಕಾಲ್ ಬಂದಾಗ ದಿಂಬಿನಲ್ಲಿ ಮುಖ ಮುಚ್ಚಿಕೊಂಡೆ. ನಾಳೆಯ ಟಿಕೆಟ್ ಕ್ಯಾನ್ಸಲ್. ಅತ್ತೆಯ ಮೇಲೆ ಅಸಹ್ಯ. ತಲೆಯಾಡಿಸಿದ ನನ್ನ ಮೇಲೆ ಇನ್ನೂ ಹೆಚ್ಚು.

ಮಧ್ಯಾಹ್ನ
ಡೆಂಟಿಸ್ಟ್ ಕೀವು ತೆಗೆದರು. ನೋಡಬಾರದಿತ್ತು, ನೋಡಿಬಿಟ್ಟೆ. ವಾಂತಿ.
"ಒಂದೇ ತಗೊಂಡಿದ್ದೆ ಡಾಕ್ಟ್ರೇ. ಅವತ್ತು ಸುಳ್ಳು ಹೇಳ್ದೆ."
ಅತ್ತೆ ಎದ್ದು ನಿಂತರು. "ಅವಳನ್ನ ಬೈಬೇಡಿ. ತಡೆದಿದ್ದು ನಾನು."
"ಕೊಯ್ಯೋ ಹೊತ್ತಿಗೆ ರಕ್ತದಲ್ಲಿ ಔಷಧಿ ಪೂರ್ತಿ ಇರಬೇಕಮ್ಮ, ಅದಕ್ಕೇ ನಾಲ್ಕು. ದಿನಕ್ಕೊಂದು ಚಪ್ಪರಿಸೋಕೆ ಪೆಪ್ಪರ್‌ಮೆಂಟಾ?"
ಈಗ ಐದು ದಿನ, ದಿನಕ್ಕೆ ಮೂರು. ಒಂದೂ ತಪ್ಪಕೂಡದು.
ಮನೆಗೆ ಬಂದವರೇ ಅತ್ತೆ ಮಗನಿಗೆ ಫೋನ್ ಮಾಡಿದರು. "ತಪ್ಪು ನಂದು ಕಣೋ. ಇವಳ ಬಾಯಿ ಪೂರ್ತಿ ವಾಸಿಯಾಗೋವರೆಗೂ ನಾನು ಜೊತೆ ಬಿಡಲ್ಲ."
ಎಷ್ಟು ಒಳ್ಳೆಯವರು ಎಂದು ಕಣ್ಣು ತುಂಬಿತು. ಆಮೇಲೆ ಅರ್ಥವಾಯಿತು.

ಗುರುವಾರ, ೧೩ ಜೂನ್
ಹದಿನೈದೂ ಮುಗಿಯಿತು. ಊತವಿಲ್ಲ, ನಾತವಿಲ್ಲ. ಆದರೂ ಅತ್ತೆ ತಮ್ಮ ಸೂಟ್‌ಕೇಸ್ ಇಳಿಸಿದ್ದಾರೆ. ಬ್ಲೇಡ್ ಕೂಡ ಇಟ್ಟುಕೊಂಡರು. ಇವರಿಗೆ ಮೆಸೇಜ್ ಹಾಕಿದೆ: ಶನಿವಾರ, ಬೆಳಗಿನ ಆರೂವರೆ ರೈಲು. ಎರಡು ಸೀಟು — ನನಗೊಂದು, ಅತ್ತೆಗೊಂದು.