ಹನ್ನೊಂದು ಗೆಲಾಕ್ಸಿಗಳು

ಸೆಕ್ಟರ್ ಹದಿನಾರು, ಫರೀದಾಬಾದ್
ನವೆಂಬರ್ 19, ಮಂಗಳವಾರ

ಪ್ರೀತಿಯ ವೈಜಯಂತಿ ಅಕ್ಕನಿಗೆ,

ಈಗ ರಾತ್ರಿ ಎರಡೂ ಮುಕ್ಕಾಲು. ಗಸ್ತು ತಿರುಗುವ ಚೌಕಿದಾರ್ ಭಯ್ಯಾನ ಸೀಟಿಗೆ ಎಚ್ಚರವಾಯಿತು. ಗಗನಾ ಕೂಡ ಎದ್ದು ಅತ್ತು, ಬಾಟಲಿಯಲ್ಲಿ ಎರಡು ಗುಟುಕು ಕುಡಿದು ಮಲಗಿದಳು. ನಮ್ಮನೆಯವರಿಗೆ ಮಾನೇಸರಿನಲ್ಲಿ ನೈಟ್ ಶಿಫ್ಟ್. ನಿಮಗೆ ನಾಲ್ಕು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಐದಕ್ಕೆ ಎದ್ದವರೇ ಮೊದಲು ಮೇಲ್ ನೋಡುತ್ತೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ನಮ್ಮ ಲೇಖನವನ್ನು ಜರ್ನಲ್ಲಿಗೆ ಕಳಿಸಿಬಿಡ್ತೀನಿ ಅಂದಿದ್ದಿರಿ. ಅಕ್ಕಾ, ಕಳಿಸಬೇಡಿ.

ಅದರಲ್ಲಿ ಹನ್ನೊಂದು ಅಳತೆಗಳು ಸರಿಯಿಲ್ಲ. ಸರಿಯಿಲ್ಲ ಅಂತ ಬರೆದು ತಪ್ಪಿಸಿಕೊಳ್ಳುವುದು ಬೇಡ, ನಾನೇ ಕೆಡಿಸಿದ್ದು.

ಹೆರಿಗೆಯಾಗಿ ಲ್ಯಾಬಿಗೆ ಬರಲಾಗದ ನನ್ನನ್ನು ನೀವು ಕೈಬಿಡಲಿಲ್ಲ. ಎಂಬತ್ತನಾಲ್ಕು ಗೆಲಾಕ್ಸಿಗಳ ಡೇಟಾ ಮನೆಗೇ ಕಳಿಸಿದಿರಿ. ಪ್ರತಿಯೊಂದರ ಹಿಂದೆ ಬಹುದೂರದಲ್ಲಿ ದೀಪದಂತೆ ಉರಿಯುವ ಒಂದು ಕ್ವೇಸಾರ್; ಅದರ ಬೆಳಕು ಗೆಲಾಕ್ಸಿಯ ಸುತ್ತಲಿನ ಅನಿಲವನ್ನು ಹಾದು ಬರುವಾಗ ಮೂಡುವ ಕಪ್ಪುಗೆರೆಯ ಅಗಲ ಅಳೆಯುವುದು ನನ್ನ ಕೆಲಸ; ಗೆರೆ ಅಗಲವಾದಷ್ಟೂ ಅನಿಲ ಹೆಚ್ಚು. ನಡುವಿನ ಕಪ್ಪುಕುಳಿ ಕೆರಳಿರುವ ಗೆಲಾಕ್ಸಿ ಯಾವುದು, ಸುಮ್ಮನಿರುವುದು ಯಾವುದು ಅಂತ ನನಗೆ ಗೊತ್ತಾಗಬಾರದು, ಗೊತ್ತಾದರೆ ಕಣ್ಣು ಪಕ್ಷಪಾತ ಮಾಡುತ್ತದೆ ಎಂದು ಆ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ಕುಂಕುಮದ ಬೊಟ್ಟಿಟ್ಟು ಕೊಟ್ಟಿರಿ. ಗಗನಾಳ ಅನ್ನಪ್ರಾಶನದ ದಿನ ಒಡೆಯೋಣ, ಅಲ್ಲಿವರೆಗೆ ಮುಟ್ಟಿದರೆ ನೋಡು ಅಂತ ಗದರಿದಿರಿ.

ಮುಟ್ಟಿದೆ, ಆಗಸ್ಟಿನಲ್ಲಿ. ಹಾಲಿನ ಬಾಟಲಿ ಕುದಿಸುತ್ತಿದ್ದ ಪಾತ್ರೆಯ ಹಬೆಗೆ ಹಿಡಿದರೆ ಅಂಟು ತಾನೇ ಬಿಟ್ಟಿತು. ಅದೇ ವಾರ ನನ್ನ ಎದೆಹಾಲು ಬತ್ತಿತ್ತು. ಮಗುವಿನ ತೂಕ ಏರಿಲ್ಲ ಎಂದು ಡಾಕ್ಟರು ಮುಖ ಸಣ್ಣ ಮಾಡಿದ್ದರು. ಯಾವುದೋ ಗೆಲಾಕ್ಸಿಯ ಗ್ಯಾಸ್ ಅಳೀತೀಯ, ನಮ್ಮನೆ ಸಿಲಿಂಡರ್ ಖಾಲಿಯಾಗಿದ್ದು ಗೊತ್ತಾಗಲ್ಲ ನಿನಗೆ ಅಂತ ಇವರು ತಮಾಷೆಗೇ ಅಂದಿದ್ದರು. ಒಂದಾದರೂ ಕೆಲಸ ನನ್ನಿಂದ ಸರಿಯಾಗುತ್ತಿದೆಯೇ ಅಂತ ನೋಡಬೇಕಿತ್ತು, ಅಷ್ಟೇ.

ಪಟ್ಟಿಯ ಪಕ್ಕ ನನ್ನ ಅಳತೆಗಳನ್ನಿಟ್ಟು ನೋಡಿದರೆ ವ್ಯತ್ಯಾಸವೇನೂ ಇರಲಿಲ್ಲ. ಕೆರಳಿದವುಗಳ ಸುತ್ತಲೂ ಅಷ್ಟೇ ತಣ್ಣನೆಯ ಅನಿಲ, ಸುಮ್ಮನಿದ್ದವುಗಳ ಸುತ್ತಲೂ ಅಷ್ಟೇ. ಕಪ್ಪುಕುಳಿಯ ಆರ್ಭಟ ಅನಿಲವನ್ನು ದೂರ ತಳ್ಳುತ್ತದೆ, ಹೊಸ ನಕ್ಷತ್ರಗಳಿಗೆ ಬೇಕಾದ ಆಹಾರವೇ ಸಿಗದೆ ಗೆಲಾಕ್ಸಿ ಸೊರಗುತ್ತದೆ ಎಂಬ ನಿಮ್ಮ ನಂಬಿಕೆಗೆ ನಮ್ಮ ಡೇಟಾದಲ್ಲಿ ಎಳೆಯಷ್ಟೂ ಆಧಾರವಿಲ್ಲ. ಕೆರಳಿದವುಗಳಲ್ಲಿ ಹನ್ನೊಂದರ ಗೆರೆ ಮಸುಕು. ಹೀಗೂ ಅಳೆಯಬಹುದು, ಹಾಗೂ ಅಳೆಯಬಹುದು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ಕಿರಿದು ಮಾಡಿದೆ. ಸುಳ್ಳು ಅಂತ ಆಗ ಅನಿಸಲೇ ಇಲ್ಲ, ತಿದ್ದುತ್ತಿದ್ದೇನೆ ಅಂದುಕೊಂಡೆ. ಆಮೇಲೆ ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿದೆ. ಕುಂಕುಮವನ್ನೂ ಹೊಸದಾಗಿ ಇಟ್ಟೆ.

ನಿನ್ನೆ ಸಂಜೆ ಹಳೆಯ ಅಳತೆಗಳನ್ನೇ ಹಾಕಿ ನೋಡಿದೆ. ಏನೂ ಉಳಿಯುವುದಿಲ್ಲ. ಈ ಲೇಖನ ಕಳಿಸಿದರೆ ಎಂದಾದರೂ ಯಾರಾದರೂ ಮತ್ತೆ ಅಳೆಯುತ್ತಾರೆ. ಕಳಿಸದಿದ್ದರೆ ಮಾರ್ಚಿಗೆ ನಿಮ್ಮ ಫೆಲೋಶಿಪ್ ಮುಗಿಯುತ್ತದೆ, ಕೈಯಲ್ಲಿ ಕೆಲಸವಿರುವುದಿಲ್ಲ. ಮೂರನೆಯ ದಾರಿ ನನಗೆ ಕಾಣುತ್ತಿಲ್ಲ. ಕ್ಷಮಿಸಿ ಅಂತ ಬರೆಯಲು ಕೈ ಬರುತ್ತಿಲ್ಲ.

ನಿಮ್ಮ ಮಾತು ಮೀರಿದ,
ಅಮೂಲ್ಯ

ಬಿಟ್ಟುಹೋದ ಮಾತು: ಅನ್ನಪ್ರಾಶನದ ದಿನ ಲಕೋಟೆ ಒಡೆಯುವಾಗ ಒಣಗಿದ ಅಗುಳೊಂದು ನಿಮ್ಮ ಉಗುರಿಗೆ ಸಿಕ್ಕಿತು. ನನ್ನನ್ನೊಮ್ಮೆ ನೋಡಿ, ಮೊದಲ ತುತ್ತನ್ನು ಲಕೋಟೆಯೇ ತಿಂದುಬಿಟ್ಟಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ನಕ್ಕಿರಿ. ನೀವು ಅಂಟಿಸಿದ್ದು ಗಮ್ಮಿನಿಂದ ಅಲ್ಲವೇ ಅಕ್ಕಾ? ನಿಮಗೆ ಅವತ್ತೇ ಗೊತ್ತಾಗಿತ್ತಾ? ಗೊತ್ತಿದ್ದೂ ಸುಮ್ಮನಿದ್ದಿರಾ? ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿ. ಬೈಯಲಾದರೂ ಮಾಡಿ.