ಹದ್ದಿನ ಯಂತ್ರ ಅಟ್ಟದಲ್ಲಿ, ಅವ್ವ ನಡುಮನೆಯಲ್ಲಿ

ವಲಸೆ ಹಕ್ಕಿಗಳ ಜಾಡು ಹಿಡಿಯುವ ಯೋಜನೆಯ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಹಿಂದಿನ ಅರ್ಜಿಗಳಲ್ಲಿ ಕರೆದು ನೋಡಿದೆ, ನಿಮ್ಮ ಕಿವಿಗೆ ಬೀಳಲಿಲ್ಲ. ಅದಕ್ಕೇ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನನ್ನ ತಾಯಿ ಸಿದ್ದಗಂಗಮ್ಮ ನಿಮ್ಮ ಹದ್ದನ್ನು ಕೊಂದಿಲ್ಲ. ಆದರೂ ನಿಮ್ಮ ಸಿಬ್ಬಂದಿ ಬಂದುಹೋದ ದಿನದಿಂದ ಅವಳು ತೋಟದ ಕಡೆ ಕಾಲಿಟ್ಟಿಲ್ಲ. ಮದುವೆಯಾಗಿ ಬಂದಂದಿನಿಂದ ಬೆಳಗಾದರೆ ತೋಟ ಸುತ್ತಿ ಬಿದ್ದ ತೆಂಗಿನಕಾಯಿ ಆಯ್ದು ತರುತ್ತಿದ್ದವಳು ಈಗ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಾಳೆ.

ಕಝಾಕಿಸ್ತಾನದ ಹುಲ್ಲುಗಾವಲಿನಲ್ಲಿ ಬೆನ್ನಿಗೆ ಯಂತ್ರ ಕಟ್ಟಿಸಿಕೊಂಡ ಹದ್ದೊಂದು ಚಳಿಗಾಲ ಕಳೆಯಲು ಹುಳಿಯಾರು ಸೀಮೆಗೆ ಬಂತಂತೆ. ಬರಲಿ, ಸಂತೋಷ. ಅದು ಎಲ್ಲಿ ಕೂತಿತು, ಎಲ್ಲಿ ಹಾರಿತು ಎಂದು ಉಪಗ್ರಹದ ಮೂಲಕ ನಿಮಗೆ ಸುದ್ದಿ ಬರುತ್ತಿತ್ತು. ಕೊನೆಯ ಸುದ್ದಿ ಬಂದದ್ದು ಕೆಂಕೆರೆ ಪಕ್ಕದ ನಮ್ಮ ಮನೆಯಂಗಳದಿಂದ. ಆಮೇಲೆ ಯಂತ್ರ ಮೂಕವಾಯಿತು. ಹಾಗಾದರೆ ಹದ್ದು ಸತ್ತಿದೆ, ಕೊಂದವರು ಈ ಮನೆಯವರೇ. ಆಹಾ, ಎಂಥ ತನಿಖೆ!

ವಿಚಾರಣೆಗೆ ಬಂದ ನಿಮ್ಮ ಫಾರೆಸ್ಟ್ ಗಾರ್ಡ್ ಒಂದು ಚಿತ್ರ ತಂದಿದ್ದರು. ತಲೆ ಬೆಳ್ಳಗೆ, ಮೈ ಕಪ್ಪಗೆ. ಅದು ಅಮೆರಿಕದ ಬೋಳುತಲೆ ಹದ್ದು ಎಂದು ಮೊಬೈಲಿನಲ್ಲಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಇಂಟರ್ನೆಟ್ಟಿನಲ್ಲಿ ಮೊದಲು ಸಿಕ್ಕ ಹದ್ದನ್ನೇ ಪ್ರಿಂಟ್ ಹಾಕಿಸಿ ಕಳಿಸಿದ ಮಹಾನುಭಾವರು ಯಾರು ಸ್ವಾಮಿ? ಅವ್ವ ಆ ಚಿತ್ರವನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ‘ಇಲ್ಲ ಕಣಪ್ಪ, ನಮ್ ಕಡೆ ಇಂಥದ್ದು ಬರಾಕಿಲ್ಲ’ ಎಂದಳು. ಆಡಿದ್ದು ಅಪ್ಪಟ ನಿಜ. ಅದಕ್ಕೆ ಸಿಕ್ಕ ಉತ್ತರ ಇದು: ‘ಸುಳ್ಳು ಹೇಳ್ಬ್ಯಾಡ ಅಜ್ಜಿ. ಮ್ಯಾಲೆ ಸ್ಯಾಟಲೈಟ್ ಐತೆ. ನೀನು ಏನ್ ಮಾಡಿದ್ರೂ ಮ್ಯಾಲಿಂದ ಎಲ್ಲಾ ಕಾಣ್ತದೆ.’

ಗಾರ್ಡ್ ಹೋದ ಮೇಲೆ ಅವ್ವ ಮೆಲ್ಲಗೆ ಕೇಳಿದಳು: ‘ಲೇ ಬಸವ, ಬೆನ್ನಿಗೆ ಕಟ್ಟೋ ಯಂತ್ರ ಅಂದ್ರಲ್ಲ, ಅದು ಕರಿ ಡಬ್ಬಿ ತರ ಇರ್ತದಾ?’

ಎಲ್ಲಿ ನೋಡಿದೆ ಎಂದು ಕೇಳಿದೆ. ಕಾಯಿ ಆಯುವಾಗ ಮರದ ಬುಡದಲ್ಲಿ ಪಟ್ಟಿ ಸಮೇತ ಸಿಕ್ಕಿತ್ತಂತೆ. ತಂದು ಅಂಗಳದ ರಾಶಿಯ ಮೇಲಿಟ್ಟಿದ್ದಾಳೆ. ಕಾಯಿಗಳನ್ನು ಅಟ್ಟಕ್ಕೇರಿಸುವ ದಿನ ಅದನ್ನೂ ಏರಿಸಿದ್ದಾಳೆ. ‘ಯಾರದಾದ್ರೂ ಆಗಿದ್ರೆ ಕೇಳ್ಕೊಂಡು ಬತ್ತಾರೆ, ಜ್ವಾಪಾನ ಇರ್ಲಿ ಅಂತ ಇಟ್ಟೆ ಕಣೋ.’ ಕೇಳಿಕೊಂಡು ಬಂದವರು ಡಬ್ಬಿ ಕೇಳಲಿಲ್ಲ, ಅಮೆರಿಕದ ಹದ್ದು ಕೇಳಿದರು.

ನಮ್ಮ ಕಡೆ ಅಟ್ಟಕ್ಕೆ ಕಾಯಿ ತುಂಬಿದ ಮೇಲೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಕದಲಿಸುವುದಿಲ್ಲ. ಆದರೂ ನಾನು ನಿಮ್ಮ ಕಚೇರಿಗೆ ಓಡಿದೆ. ಯಂತ್ರ ರಾಶಿಯಡಿಯಲ್ಲಿದೆ, ಈಗಲೇ ಅಟ್ಟದ ಕಾಯಿ ಇಳಿಸಿ ತೆಗೆದು ಕೊಡುತ್ತೇನೆ, ಕಾಯಿ ಕೆಟ್ಟರೂ ಚಿಂತೆಯಿಲ್ಲ ಎಂದೆ. ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು. ‘ಸಾಕ್ಷ್ಯ ಮುಟ್ಟಬೇಡಿ, ತಜ್ಞರು ಬರುತ್ತಾರೆ’ ಎಂದು ಅಟ್ಟಕ್ಕೆ ಸೀಲು ಬಿತ್ತು. ತಜ್ಞರು ಇವತ್ತಿಗೂ ಬಂದಿಲ್ಲ. ನಿಮ್ಮದೇ ಯೋಜನೆಯ ವಿಜ್ಞಾನಿಯೊಬ್ಬರು ಫೋನಿನಲ್ಲಿ ನನಗೆ ಹೇಳಿದರು: ಪಟ್ಟಿಯ ಹೊಲಿಗೆ ಸವೆದು ಯಂತ್ರ ತಾನಾಗಿ ಕಳಚಿ ಬೀಳಲೆಂದೇ ಹಾಗೆ ಹೊಲಿದಿರುತ್ತಾರೆ, ಅದು ಬಿಸಿಲಿನಿಂದ ನಡೆಯುವ ಯಂತ್ರ, ಕತ್ತಲಲ್ಲಿ ಸುಮ್ಮನಾಗುತ್ತದೆ. ಇದು ಅವರಿಗೆ ಗೊತ್ತು, ನನಗೆ ಗೊತ್ತು. ನಿಮ್ಮ ಮೇಜಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಸೀಲು ಅಟ್ಟಕ್ಕೆ ಬಿದ್ದದ್ದಾದರೂ ಸಿಕ್ಕಿಬಿದ್ದವಳು ಅವ್ವ. ಈಗ ಹಿತ್ತಲಿಗೆ ಹೋಗಬೇಕಾದರೂ ಕೊಡೆ ಕೇಳುತ್ತಾಳೆ. ಮೋಡವಿಲ್ಲ, ಮಳೆಯಿಲ್ಲ, ನಿಚ್ಚಳ ಆಕಾಶ. ‘ಹೆಣ್ಣೆಂಗ್ಸು ಹಿತ್ತಲಿಗೆ ಹೋಗೋದೂ ಕಾಣ್ತದಂತೆ ಕಣಪ್ಪ’ ಎನ್ನುತ್ತಾಳೆ. ನನ್ನ ಹೆಂಡತಿ ಗಿರಿಜಾಂಬಿಕಾ ಎಷ್ಟು ಸಮಾಧಾನ ಹೇಳಿದರೂ ಕೇಳಳು. ನಾನೂ ವಾದಿಸಿದೆ: ‘ಅವ್ವಾ, ಆ ಯಂತ್ರ ತಾನೆಲ್ಲಿದ್ದೀನಿ ಅಂತ ಮಾತ್ರ ಹೇಳ್ತದೆ, ನಿನ್ನ ನೋಡಾಕಿಲ್ಲ. ಮ್ಯಾಲಿಂದ ಎಲ್ಲಾ ಕಾಣಂಗಿದ್ರೆ, ನೀನು ಡಬ್ಬಿನ ಅಟ್ಟಕ್ಕೆ ಇಟ್ಟಿದ್ದು ಯಾಕೆ ಕಾಣ್ಲಿಲ್ಲ?’ ಅವ್ವ ನನ್ನನ್ನೇ ಪೆದ್ದನೆಂಬಂತೆ ನೋಡಿದಳು. ‘ನಿಂಗೇನ್ ಗೊತ್ತು ಬುಡು. ಸರ್ಕಾರದೋರು ಸುಳ್ಳು ಹೇಳ್ತಾರಾ?’

ಈ ಪ್ರಶ್ನೆಗೆ ಉತ್ತರ ನೀವೇ ತಿಳಿಸಿ. ಹೆತ್ತವಳು ಸ್ವಂತ ಹಿತ್ತಲಲ್ಲಿ ಕಳ್ಳಿಯಂತೆ ತಲೆ ತಗ್ಗಿಸಿ ನಡೆಯುತ್ತಿದ್ದಾಳೆ.

ಹದ್ದು ಬದುಕಿದೆಯೋ ಇಲ್ಲವೋ ನನಗೆ ತಿಳಿಯದು. ಬದುಕಿದ್ದರೆ ಬೆನ್ನ ಹೊರೆ ಇಳಿಸಿಕೊಂಡು ಇಷ್ಟು ಹೊತ್ತಿಗೆ ಹಲವು ದೇಶ ದಾಟಿರುತ್ತದೆ. ನೀವು ಅಟ್ಟದ ಸೀಲು ಯಾವಾಗ ಬೇಕಾದರೂ ತೆಗೆಯಿರಿ, ಕೊಬ್ಬರಿಯನ್ನು ಇಲಿ ತಿಂದರೆ ತಿನ್ನಲಿ. ನನ್ನ ಬೇಡಿಕೆ ಒಂದೇ. ಆ ಗಾರ್ಡನ್ನೇ ಯೂನಿಫಾರಂ ಸಮೇತ ಕಳಿಸಿ, ಇಲ್ಲವೇ ನೀವೇ ಬನ್ನಿ. ನಮ್ಮ ಅಂಗಳದಲ್ಲಿ ನಿಂತು, ‘ಅಜ್ಜಿ, ಮ್ಯಾಲಿಂದ ನಿನ್ನ ಯಾರೂ ನೋಡ್ತಿಲ್ಲ, ತೋಟಕ್ಕೆ ಹೋಗು’ ಎಂದು ಗಟ್ಟಿಯಾಗಿ ಹೇಳಿ. ಮಗನ ಮಾತನ್ನು ಅವಳು ನಂಬುವುದಿಲ್ಲ, ನಿಮ್ಮ ಮಾತನ್ನು ನಂಬುತ್ತಾಳೆ. ಸರ್ಕಾರವನ್ನು ಇಷ್ಟು ನಂಬುವವರು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ. ಇರುವ ಒಬ್ಬಳನ್ನೂ ನೀವು ಕಂಬಕ್ಕೆ ಒರಗಿಸಿ ಕೂರಿಸಿದ್ದೀರಿ.

ಇಂತಿ,
ಹಾಡಹಗಲಲ್ಲಿ ತಾಯಿಗೆ ಕೊಡೆ ಹಿಡಿದು ಹಿತ್ತಲಿಗೆ ಕರೆದೊಯ್ಯುವ
ಬಸವಕುಮಾರ್
ಹುಳಿಯಾರು ಹೋಬಳಿ