ಕೆಲ್ವಿನ್‌ಗೆ ಎಷ್ಟನೆಯ ಸ್ಥಾನ

ವಾಟ್ಲ್ ಕ್ರೀಕ್, ಉತ್ತರ ಕ್ವೀನ್ಸ್‌ಲೆಂಡ್
ಅಕ್ಟೋಬರ್ 9, 1986

ಪ್ರೀತಿಯ ಮಗ ಕೆಲ್ವಿನ್‌ಗೆ,

ಬಿ.ಪಿ. ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲಾ ಪಬ್ಬಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನಾನು ಗಟ್ಟಿಯಾಗಿದ್ದೇನೆ. ಕಟಾವಿಗೆ ಮುಂಚೆ ಕಬ್ಬಿನ ಗದ್ದೆಗೆ ಬೆಂಕಿ ಹಚ್ಚುವ ಕಾಲ, ಒಣಹಾಕಿದ ಬಟ್ಟೆಯ ಮೇಲೆಲ್ಲ ಕರಿ ಬೂದಿ. ಚುನಾವಣೆ ಹತ್ತಿರ ಬಂದರೂ ನೀನು ಬ್ರಿಸ್ಬೇನ್ ಬಿಟ್ಟು ಊರಿಗೆ ಮುಖ ತೋರಿಸಿಲ್ಲ. ಯಾಕೆಂದು ನನಗೆ ಗೊತ್ತು.

ಹದಿನೆಂಟು ವರ್ಷ ನಿನ್ನ ಬೆನ್ನಿಗೆ ನಿಂತವಳು ನಾನು. ಮಂತ್ರಿಯನ್ನು ಹಂದಿ ಎಂದು ಬೈದು ವಿಧಾನಸಭೆಯಿಂದ ಹೊರಗೆ ಹಾಕಿಸಿಕೊಂಡೆಯಲ್ಲ, ಆಗ ಹಂದಿಗಳಿಗೆ ಅವಮಾನವಾಯಿತು ಎಂದು ನಾನೇ ನಕ್ಕೆ. ನೀನು ಎರಡು ಸಲ ಪಕ್ಷ ಬದಲಿಸಿದಾಗ ಬಾಗಿಲಿಗೆ ಬಂದ ಪತ್ರಿಕೆಯವರನ್ನು ನೀರಿನ ಪೈಪ್ ಹಿಡಿದು ಓಡಿಸಿದೆ. ಪ್ರತಿ ಚುನಾವಣೆಯಲ್ಲೂ ಶಾಲೆಯ ಗೇಟಿನಲ್ಲಿ ನಿಂತು, ಮತಪತ್ರದಲ್ಲಿ ಯಾರ ಹೆಸರಿಗೆ ಒಂದು, ಯಾರಿಗೆ ಎರಡು, ಯಾರಿಗೆ ಕೊನೆಯ ಅಂಕಿ ಬರೆಯಬೇಕೆಂದು ಮತದಾರರಿಗೆ ತೋರಿಸುವ ನಿನ್ನ ಚೀಟಿ ಹಂಚಿದೆ. ಜಗಳಗಂಟನಾದರೂ ನಮ್ಮವನು ಎನ್ನುತ್ತಿತ್ತು ಊರು.

ಆದರೆ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚಲು ನೀನೂ ಮತ ಹಾಕಿದೆಯಲ್ಲ, ಅದು ನನಗೆ ನುಂಗಲಾಗುತ್ತಿಲ್ಲ. ನೀನು ಹುಟ್ಟಿದ್ದು ಅಲ್ಲೇ, ಕಿಟಕಿಯ ಪಕ್ಕದ ಮಂಚದಲ್ಲಿ. ಈಗ ಬಸುರಿಯರು ಘಟ್ಟ ದಾಟಿ ಹೋಗಬೇಕು. ಕಳೆದ ವಾರ ಪಕ್ಕದ ಮನೆಯ ಬೆರಿಲ್‌ಳ ಮೊಮ್ಮಗಳು ದಾರಿಯಲ್ಲಿ ಕಾರಿನೊಳಗೇ ಹೆತ್ತಳು. ತಾಯಿ ಮಗು ಉಳಿದದ್ದು ದೊಡ್ಡದು. "ನಿನ್ ಮಗ ಟೀವೀಲಿ ಗುಡುಗ್ತಾನಲ್ಲ ಮರ್ಲ್, ಘಟ್ಟದ್ ಮೇಲೆ ಬಂದು ಬಿಸಿನೀರು ಕಾಯ್ಸಿ ಕೊಡ್ಬೇಕಿತ್ತು" ಎಂದಳು ಬೆರಿಲ್, ಬೇಲಿಯಾಚೆಯಿಂದ. ನಾಚಿಕೆಯಾಗಿ ಒಳಗೆ ಬಂದೆ. ಫೋನ್ ಮಾಡಿದರೆ ನೀನು, "ಅಮ್ಮಾ, ನಿಂಗೆ ರಾಜಕೀಯ ಅರ್ಥ ಆಗಲ್ಲ, ಕೇಕ್ ಮಾಡ್ಕೊಂಡಿರು" ಎಂದೆ. ಮಾಡಿದೆ. ಚರ್ಚಿನ ಹೆಂಗಸರ ಸಭೆಗೆ ಎರಡು ತಟ್ಟೆ ಲ್ಯಾಮಿಂಗ್ಟನ್ ಕೇಕ್ ಒಯ್ದೆ. ಒಬ್ಬರೂ ಮುಟ್ಟಲಿಲ್ಲ. ಮನೆಗೆ ತಂದು ಕೋಳಿಗಳಿಗೆ ಹಾಕಿದೆ.

ಸೊಸೆಗೂ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳು. ಮಾತ್ರೆ ತಪ್ಪಿಸಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಮರ್ಲ್

ತಾ.ಕ.: ಪೇಪರಿನಲ್ಲಿ ಓದುವ ಮೊದಲು ನನ್ನಿಂದಲೇ ತಿಳಿಯಲಿ. ನಿನ್ನೆ ನಾನೂ ನಾಮಪತ್ರ ಹಾಕಿದೆ, ನಿನ್ನ ಎದುರು. "ಎಷ್ಟಂದ್ರೂ ಹೆತ್ತ ಮಗ, ಎರಡನೇದಾದ್ರೂ ಕೊಡೇ" ಎಂದಳು ಬೆರಿಲ್. ಕಣದಲ್ಲಿ ನಾಲ್ವರಿದ್ದೇವೆ, ನನ್ನ ಚೀಟಿಯಲ್ಲಿ ನೀನು ನಾಲ್ಕನೆಯವನು. ಶಾಲೆಯ ಗೇಟಿನಲ್ಲಿ ಸಿಗೋಣ. ಬಿಸಿಲು ಜಾಸ್ತಿ, ಟೊಪ್ಪಿ ಹಾಕಿಕೊಂಡು ಬಾ. ನಿನಗೂ ಸ್ಯಾಂಡ್‌ವಿಚ್ ತರುತ್ತೇನೆ.